ಕವನ ಸಂಕಲನಕ್ಕೆ 325 ಯಾಕೆ? ಡೊರೊತಿ ಪೋರ್ಟರ್ ಕಟ್ಟಿದ ಗ್ರಂಥಾಲಯದ ಪ್ರಕರಣ

ಜೇಮ್ಸ್ ವೆಲ್ಡನ್ ಜಾನ್ಸನ್ ಅಮೆರಿಕದ ಹೆಸರಾಂತ ಕವಿ. ಅವರ ಕವನ ಸಂಕಲನ ಗ್ರಂಥಾಲಯದಲ್ಲಿ ಎಲ್ಲಿರಬೇಕು? ಕಾವ್ಯದ ಕಪಾಟಿನಲ್ಲಿ, ಅಲ್ವಾ? ವಿಷಯ ನೋಡಿ ಪುಸ್ತಕಕ್ಕೆ ನಂಬರು ಕೊಡುವ ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಅಮೆರಿಕದ ಕಾವ್ಯಕ್ಕೆ 811 ಅಂತ ನಂಬರೇ ಇದೆ. ಆದರೆ 1930ರ ಸುಮಾರಿಗೆ ಅಲ್ಲಿನ ಎಷ್ಟೋ ಗ್ರಂಥಾಲಯಗಳಲ್ಲಿ ಆ ಪುಸ್ತಕ 325ರಲ್ಲಿ ಸಿಗುತ್ತಿತ್ತು. 325 ಅಂದರೆ ವಲಸೆ ಮತ್ತು ವಸಾಹತು. ಕವಿತೆಗೂ ವಸಾಹತಿಗೂ ಏನು ಸಂಬಂಧ? ಏನೂ ಇಲ್ಲ. ಕವಿ ಕಪ್ಪು ಜನಾಂಗದವರು, ಕಾರಣ ಅಷ್ಟೇ.

ಕಪ್ಪು ಜನರು ಬರೆದದ್ದು ಅಥವಾ ಅವರ ಬಗ್ಗೆ ಬರೆದದ್ದು ಯಾವುದೇ ಇರಲಿ, ಎರಡು ನಂಬರಿನಲ್ಲಿ ಒಂದಕ್ಕೆ ಹೋಗುತ್ತಿತ್ತು. ಒಂದು 325. ಇನ್ನೊಂದು 326, ಅಂದರೆ ಗುಲಾಮಗಿರಿ. ಸಂಗೀತ, ವೈದ್ಯ, ಧರ್ಮ, ನಾಟಕ, ಎಲ್ಲಕ್ಕೂ ಅದೇ ಎರಡು ಗೂಡು.

ಇದನ್ನು ಒಪ್ಪದೆ ಕೂತ ಗ್ರಂಥಪಾಲಕಿ ಡೊರೊತಿ ಬರ್ನೆಟ್ ಪೋರ್ಟರ್. ಮುಖ್ಯವಾಗಿ ಕಪ್ಪು ವಿದ್ಯಾರ್ಥಿಗಳು ಓದುವ ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ 1930ರಿಂದ 1973ರವರೆಗೆ, ಒಟ್ಟು 43 ವರ್ಷ, ಅವರು ಒಂದೇ ಸಂಗ್ರಹವನ್ನು ಕಟ್ಟಿದರು. ಅವರ ಕೆಲಸವನ್ನು ಆಡಳಿತ, ಸಂಶೋಧನೆ, ಜನಸೇವೆ ಅಂತ ಮೂರು ಪಾಲು ಮಾಡಿ ನೋಡಬಹುದು. ನನ್ನ ಮಟ್ಟಿಗೆ ಹಾಗೆ ಬಿಡಿಸಿದರೆ ಈ ಪ್ರಕರಣ ಅರ್ಥವಾಗುವುದಿಲ್ಲ. ಪುಸ್ತಕದ ಜಾಗ ಬದಲಿಸಿದ್ದೇ ಅವರ ಸಂಶೋಧನೆಯ ಮೊದಲ ಹೆಜ್ಜೆ. ಅದೇ ಜನರಿಗೆ ಮಾಡಿದ ಮೊದಲ ಸೇವೆ ಕೂಡ.

ಕೈಗೆ ಬಂದದ್ದು ಏನು

ಡೊರೊತಿ ಹುಟ್ಟಿದ್ದು 1905ರಲ್ಲಿ, ವರ್ಜೀನಿಯಾದ ವಾರೆಂಟನ್‌ನಲ್ಲಿ. ಬೆಳೆದದ್ದು ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ. ತಂದೆ ಡಾಕ್ಟರ್. ಡೊರೊತಿ ವಾಷಿಂಗ್ಟನ್ನಿಗೆ ಬಂದದ್ದು ಟೀಚರ್ ಆಗಲು. ಮೈನರ್ ನಾರ್ಮಲ್ ಸ್ಕೂಲಿನಲ್ಲಿ ಓದುವಾಗ ಗ್ರಂಥಾಲಯದ ನಂಟು ಬೆಳೆಯಿತು. 1928ರಲ್ಲಿ ಹೊವಾರ್ಡ್‌ನಲ್ಲಿ ಪದವಿ, ಅದೇ ವರ್ಷ ಅಲ್ಲಿನ ಗ್ರಂಥಾಲಯದಲ್ಲಿ ಕೆಲಸ. ಆಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನ ಓದಿ 1932ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಅಲ್ಲಿ ಆ ಪದವಿ ಪಡೆದ ಮೊದಲ ಕಪ್ಪು ಮಹಿಳೆ ಅವರೇ. ಪತಿ ಜೇಮ್ಸ್ ಪೋರ್ಟರ್ ಚಿತ್ರಕಾರರು. ಕಪ್ಪು ಕಲಾವಿದರ ಇತಿಹಾಸ ಬರೆದ ಮೊದಲಿಗರಲ್ಲಿ ಒಬ್ಬರು. ಗಂಡ ಹೆಂಡತಿ ಇಬ್ಬರೂ ಹೊವಾರ್ಡ್‌ನವರೇ.

1930ರಲ್ಲಿ ಡೊರೊತಿ ಅವರಿಗೆ ವಿಶೇಷ ಸಂಗ್ರಹದ ಜವಾಬ್ದಾರಿ ಸಿಕ್ಕಿತು. ವಯಸ್ಸು 25. ಆ ಸಂಗ್ರಹದ ಬೀಜ ಎರಡು ಕಡೆಯಿಂದ ಬಂದಿತ್ತು. 1873ರಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡಿದ ವ್ಯಾಪಾರಿ ಲೂಯಿಸ್ ಟಪ್ಪನ್ ತಮ್ಮ ಪುಸ್ತಕ, ಕರಪತ್ರಗಳನ್ನು ಹೊವಾರ್ಡ್‌ಗೆ ಕೊಟ್ಟಿದ್ದರು. 1914ರಲ್ಲಿ ಪಾದ್ರಿ ಜೆಸ್ಸಿ ಮೂರ್‌ಲ್ಯಾಂಡ್ 3,000ಕ್ಕೂ ಹೆಚ್ಚು ಪುಸ್ತಕ ಮತ್ತು ಕಾಗದಪತ್ರ ಕೊಟ್ಟರು. ಮೂರ್‌ಲ್ಯಾಂಡ್ ವಿಶ್ವವಿದ್ಯಾಲಯದ ಟ್ರಸ್ಟಿಯೂ ಆಗಿದ್ದರು. ಇವಲ್ಲದೆ ಸಂಬಂಧಪಟ್ಟ ಪುಸ್ತಕಗಳು ಇಡೀ ಗ್ರಂಥಾಲಯದಲ್ಲಿ ಚೆದುರಿಕೊಂಡಿದ್ದವು. ಡೊರೊತಿ ಕಪಾಟಿನಿಂದ ಕಪಾಟಿಗೆ ಹೋಗಿ ಅವನ್ನೆಲ್ಲ ಎಳೆದು ಒಂದು ಕಡೆ ತಂದರು.

ಹೊಸ ಪುಸ್ತಕ ಕೊಳ್ಳಲು? ದುಡ್ಡಿಲ್ಲ. ಇದನ್ನು ನೆನಪಿಟ್ಟುಕೊಂಡೇ ಮುಂದೆ ಓದಬೇಕು. ಈ ಪ್ರಕರಣದ ಅರ್ಧ ಜಾಣತನ ಈ ಕೊರತೆಯಿಂದಲೇ ಬಂದದ್ದು.

ನಂಬರಿನ ಜಗಳ

ಗ್ರಂಥಾಲಯದ ಒಳಗಿನ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಆ ಕಾಲದಲ್ಲಿ ಪುಸ್ತಕ ಹುಡುಕಲು ಎರಡೇ ದಾರಿ. ಒಂದು, ಕಾರ್ಡುಗಳ ಡ್ರಾಯರ್. ಪ್ರತಿ ಪುಸ್ತಕಕ್ಕೂ ಲೇಖಕರ ಹೆಸರಿನಲ್ಲಿ, ಪುಸ್ತಕದ ಹೆಸರಿನಲ್ಲಿ, ವಿಷಯದ ಹೆಸರಿನಲ್ಲಿ ಬೇರೆ ಬೇರೆ ಕಾರ್ಡು ಇರುತ್ತಿತ್ತು. ಎರಡು, ಕಪಾಟಿನ ಮುಂದೆ ನಿಂತು ಕಣ್ಣಾಡಿಸುವುದು. ಪುಸ್ತಕದ ಬೆನ್ನಿನ ಮೇಲಿನ ನಂಬರು ಅದರ ಅಕ್ಕಪಕ್ಕ ಯಾವ ಪುಸ್ತಕ ಇರುತ್ತದೆ ಅಂತ ತೀರ್ಮಾನಿಸುತ್ತದೆ.

ಈಗ ಒಬ್ಬ ವಿದ್ಯಾರ್ಥಿ ಅಮೆರಿಕದ ಕಾವ್ಯದ ಬಗ್ಗೆ ಪ್ರಬಂಧ ಬರೆಯಲು ಬಂದ ಅಂತ ಇಟ್ಟುಕೊಳ್ಳಿ. 811ರ ಮುಂದೆ ನಿಲ್ಲುತ್ತಾನೆ. ಅಲ್ಲಿ ಕಪ್ಪು ಕವಿ ಒಬ್ಬರೂ ಇಲ್ಲ. ಅವನು ಸುಳ್ಳು ಹೇಳುತ್ತಿಲ್ಲ, ಮೋಸ ಮಾಡುತ್ತಿಲ್ಲ. ಆದರೂ ಅವನ ಪ್ರಬಂಧದಲ್ಲಿ ಕಪ್ಪು ಕವಿಗಳು ಇರುವುದಿಲ್ಲ. ನಾಳೆ ಅವನೇ ಮೇಷ್ಟ್ರಾಗುತ್ತಾನೆ, ಅವನ ಪಾಠದಲ್ಲೂ ಇರುವುದಿಲ್ಲ. ಯಾರೂ ಏನನ್ನೂ ನಿಷೇಧಿಸಲಿಲ್ಲ, ಸುಡಲಿಲ್ಲ. ಪುಸ್ತಕ ಅದೇ ಕಟ್ಟಡದಲ್ಲಿ ಇದೆ. ಆದರೆ ಕೇಳುವವರ ಕಣ್ಣಿಗೆ ಬೀಳುವ ಜಾಗದಲ್ಲಿ ಇಲ್ಲ.

ಡೊರೊತಿ ಇದನ್ನು ಬದಲಿಸಿದರು. ಕಾವ್ಯ ಕಾವ್ಯದ ಜಾಗಕ್ಕೆ, ಸಂಗೀತ ಸಂಗೀತದ ಜಾಗಕ್ಕೆ, ವೈದ್ಯ ವೈದ್ಯದ ಜಾಗಕ್ಕೆ. ಅರ್ಥಶಾಸ್ತ್ರ, ಶಿಕ್ಷಣ, ಭೂಗೋಳ, ಭಾಷಾಶಾಸ್ತ್ರ, ಕ್ರೀಡೆ, ಧರ್ಮ, ಹೀಗೆ ವಿಷಯ ಮತ್ತು ಲೇಖಕರ ಪ್ರಕಾರ ಸಂಗ್ರಹವನ್ನು ಜೋಡಿಸಿದರು. ಕಪ್ಪು ಜನ ಇಲ್ಲದ ವಿದ್ಯೆ ಯಾವುದೂ ಇಲ್ಲ ಅನ್ನುವುದನ್ನು ಆ ಕಪಾಟುಗಳೇ ಹೇಳುತ್ತಿದ್ದವು.

ಇದು ಅವರೊಬ್ಬರ ಕೆಲಸವಲ್ಲ. ಅವರಿಗಿಂತ ಮುಂಚೆ ಹೊವಾರ್ಡ್ ಗ್ರಂಥಾಲಯದಲ್ಲಿ ಲೂಲಾ ಆ್ಯಲನ್, ಈಡಿತ್ ಬ್ರೌನ್, ಲೂಲಾ ಕಾನರ್, ರೋಸಾ ಹರ್ಷಾ ಎಂಬ ನಾಲ್ವರು ಮಹಿಳೆಯರು ಈ ದಾರಿಯಲ್ಲಿ ಕೆಲಸ ಶುರು ಮಾಡಿದ್ದರು. ಡೊರೊತಿ ಅದರ ಮೇಲೆ ಕಟ್ಟಿದರು. ಈ ನಾಲ್ವರ ಹೆಸರು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಕಾರ್ಡು ಬರೆಯುವವರ ಹೆಸರು ಕಾರ್ಡಿನ ಮೇಲೆ ಇರುವುದಿಲ್ಲವಲ್ಲ. ಅದಕ್ಕೇ ಇಲ್ಲಿ ಪೂರ್ತಿ ಬರೆದಿದ್ದೇನೆ.

ಕನ್ನಡ ಓದುಗರಿಗೆ ಇದು ದೂರದ ಕಥೆ ಅನ್ನಿಸಬೇಕಾಗಿಲ್ಲ. ಡ್ಯೂಯಿ ಪದ್ಧತಿ ಇರುವ ಯಾವುದಾದರೂ ಕಾಲೇಜು ಲೈಬ್ರರಿಗೆ ಹೋಗಿ ಒಂದು ಕನ್ನಡ ಕಾದಂಬರಿಯ ಬೆನ್ನು ನೋಡಿ. 894.814 ಅಂತ ಶುರುವಾಗುತ್ತದೆ. ಇಂಗ್ಲಿಷ್ ಸಾಹಿತ್ಯಕ್ಕೆ 820ರಿಂದ 829ರವರೆಗೆ ಇಡೀ ಒಂದು ಹತ್ತು. ನಮಗೆ ಮಾತ್ರ ಚುಕ್ಕಿ ದಾಟಿ ಮೂರು ಅಂಕಿ. ಆ 894ರಲ್ಲಿ ನಮ್ಮ ಜತೆಗಿರುವವರು ಯಾರು? ತಮಿಳು, ತೆಲುಗು, ಮಲಯಾಳಂ ಸರಿ. ತುರ್ಕಿ, ಹಂಗೇರಿ, ಫಿನ್‌ಲ್ಯಾಂಡ್‌ನ ಸಾಹಿತ್ಯವೂ ಅಲ್ಲೇ. ಆ ಪದ್ಧತಿ ಮಾಡಿದವರಿಗೆ ನಾವು ಉಳಿದವರ ಪಟ್ಟಿಯಲ್ಲಿದ್ದೆವು. ಆದರೂ ನಮ್ಮದನ್ನು ಸಾಹಿತ್ಯ ಅಂತಲೇ ಇಟ್ಟರು, ಮೂಲೆಯಲ್ಲಿ ಇಟ್ಟರು. ಅಮೆರಿಕದ ಕಪ್ಪು ಕವಿಗಳನ್ನು ಸಾಹಿತ್ಯದಿಂದಲೇ ಹೊರಗೆ ಕಳಿಸಿದ್ದರು. ಎರಡಕ್ಕೂ ವ್ಯತ್ಯಾಸ ಇದೆ.

ಅದೇ ದಶಕದಲ್ಲಿ ಮದರಾಸಿನಲ್ಲಿ ಎಸ್. ಆರ್. ರಂಗನಾಥನ್ ಡ್ಯೂಯಿಯನ್ನೇ ಬದಿಗಿಟ್ಟು 1933ರಲ್ಲಿ ಪುಸ್ತಕ ವಿಂಗಡಿಸುವ ತಮ್ಮದೇ ಪದ್ಧತಿಯಾದ ಕೋಲನ್ ವರ್ಗೀಕರಣ ಪ್ರಕಟಿಸಿದರು. ಮುಂದೆ 1962ರಲ್ಲಿ ಬೆಂಗಳೂರಿನಲ್ಲಿ ಗ್ರಂಥಾಲಯ ಕೆಲಸದ ತರಬೇತಿ ಕೇಂದ್ರವನ್ನೂ ಕಟ್ಟಿದರು. ಡೊರೊತಿ ಹಿಡಿದದ್ದು ಬೇರೆ ದಾರಿ. ಹೊಸ ಪದ್ಧತಿ ಹುಟ್ಟುಹಾಕಲು ಹೋಗಲಿಲ್ಲ. ಇರುವುದನ್ನೇ ತಮ್ಮ ಕಪಾಟಿಗೆ ಬೇಕಾದ ಹಾಗೆ ಬಗ್ಗಿಸಿಕೊಂಡರು. ಕಡಿಮೆ ಸಿಬ್ಬಂದಿ, ಇಲ್ಲದ ಬಜೆಟ್ಟು, ಎದುರಿಗೆ ಕಾಯುವ ಓದುಗರು. ಆ ಸ್ಥಿತಿಯಲ್ಲಿ ಇದೇ ಸರಿಯಾದ ತೀರ್ಮಾನ ಅಂತ ನನಗೆ ಅನ್ನಿಸುತ್ತದೆ.

ದುಡ್ಡಿಲ್ಲದೆ ಪುಸ್ತಕ ತರುವುದು

ಡೊರೊತಿ ಹಳೆ ಪುಸ್ತಕದ ವ್ಯಾಪಾರಿಗಳ ಸ್ನೇಹ ಮಾಡಿಕೊಂಡರು. ಅವರ ಪಟ್ಟಿಗಳನ್ನು ತರಿಸಿ ಓದುತ್ತಿದ್ದರು. ಕೆಲವರು ಪುಸ್ತಕವನ್ನು ಸುಮ್ನೆ ಕೊಟ್ಟುಬಿಟ್ಟರು. ಪ್ರಕಾಶಕರಿಗೆ ನೇರವಾಗಿ ಕಾಗದ ಬರೆದರು: ನಮ್ಮ ಹತ್ತಿರ ದುಡ್ಡಿಲ್ಲ, ಈ ಪುಸ್ತಕ ಕೊಡ್ತೀರಾ? ಹೊವಾರ್ಡ್‌ನ ಮೇಷ್ಟ್ರುಗಳು, ಲೇಖಕರು, ಹೊರದೇಶದ ಪರಿಚಯದವರು, ಯಾರನ್ನೂ ಬಿಡಲಿಲ್ಲ. ಆಫ್ರಿಕಾ, ಕೆರಿಬಿಯನ್ ದ್ವೀಪಗಳು, ಬ್ರೆಜಿಲ್, ಎಲ್ಲ ಕಡೆಗೂ ಅವರ ಕೈ ಚಾಚಿತ್ತು. ಬ್ರೆಜಿಲ್‌ನ ಕಪ್ಪು ಲೇಖಕರ ಬಗ್ಗೆ ಮುಂದೆ 1978ರಲ್ಲಿ ಒಂದು ಇಡೀ ಗ್ರಂಥಸೂಚಿಯನ್ನೇ, ಅಂದರೆ ಪುಸ್ತಕಗಳ ಪಟ್ಟಿಯನ್ನೇ, ಪ್ರಕಟಿಸಿದರು.

ಇದನ್ನು ಭಿಕ್ಷೆ ಅಂತ ನೋಡಬಾರದು. ಕೇಳಬೇಕಾದರೆ ಏನು ಕೇಳಬೇಕು ಅಂತ ಗೊತ್ತಿರಬೇಕು. ಯಾವ ಕರಪತ್ರ ಯಾವ ವರ್ಷ ಯಾವ ಊರಿನಲ್ಲಿ ಅಚ್ಚಾಯಿತು, ತಮ್ಮ ಹತ್ತಿರ ಇರುವುದು ಮೊದಲ ಮುದ್ರಣವೋ ಎರಡನೆಯದೋ, ಇದೆಲ್ಲ ತಲೆಯಲ್ಲಿ ಇದ್ದವರು ಮಾತ್ರ ವ್ಯಾಪಾರಿಯ ಪಟ್ಟಿಯಲ್ಲಿ ಒಂದು ಸಾಲು ನೋಡಿ ಇದು ಬೇಕು ಅನ್ನಬಲ್ಲರು.

ಇದರ ಬೆಲೆ ಚೆನ್ನಾಗಿ ಗೊತ್ತಾದದ್ದು 1946ರಲ್ಲಿ. ಆರ್ಥರ್ ಸ್ಪಿಂಗಾರ್ನ್ ನ್ಯೂಯಾರ್ಕಿನ ವಕೀಲರು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ದೊಡ್ಡ ಸಂಘಟನೆಯಾದ ಎನ್‌ಎಎಸಿಪಿಯ ಅಧ್ಯಕ್ಷರು. ಸ್ವತಃ ಬಿಳಿಯರು. ಜಗತ್ತಿನ ಯಾವ ಭಾಷೆಯಲ್ಲೇ ಆಗಲಿ, ಕಪ್ಪು ಲೇಖಕರು ಬರೆದ ಪುಸ್ತಕಗಳನ್ನು ವರ್ಷಗಟ್ಟಲೆ ಕೂಡಿಟ್ಟಿದ್ದರು. ಆ ಸಂಗ್ರಹ ಹೊವಾರ್ಡ್‌ಗೆ ಬರಬೇಕು ಅಂತ ಡೊರೊತಿ ಪಟ್ಟು ಹಿಡಿದರು. ಈ ಸಲ ಕೊಳ್ಳುವ ಮಾತು.

ವಿಶ್ವವಿದ್ಯಾಲಯದ ಖಜಾಂಚಿ ಒಂದು ಷರತ್ತು ಹಾಕಿದರು. ಸಂಗ್ರಹಕ್ಕೆ ಎಷ್ಟು ಬೆಲೆ ಅಂತ ಹೊರಗಿನವರು ಹೇಳಬೇಕು, ಡೊರೊತಿ ಮಾತು ಸಾಲದು. ಡೊರೊತಿ ಲೈಬ್ರರಿ ಆಫ್ ಕಾಂಗ್ರೆಸ್‌ನ ತಜ್ಞರನ್ನು ಕರೆಸಿದರು. ಅಮೆರಿಕದ ಅತಿ ದೊಡ್ಡ ಗ್ರಂಥಾಲಯ, ಅಲ್ಲಿ ಬೆಲೆ ಕಟ್ಟುವವರು. ಆ ತಜ್ಞರು ಕಪಾಟುಗಳನ್ನು ಒಮ್ಮೆ ನೋಡಿ ಕೈ ಚೆಲ್ಲಿದರು. ಕಪ್ಪು ಲೇಖಕರ ಪುಸ್ತಕಗಳ ಬಗ್ಗೆ ತನಗೆ ಏನೂ ಗೊತ್ತಿಲ್ಲ, ವರದಿ ನೀವೇ ಬರೆದುಕೊಡಿ, ಅದನ್ನೇ ಖಜಾಂಚಿಗೆ ಕಳಿಸುತ್ತೇನೆ ಅಂದರು. ಡೊರೊತಿ ಬರೆದುಕೊಟ್ಟರು. ಅವರ ಅಂದಾಜು ಅವರ ಹೆಸರಿನಲ್ಲಿ ಹೋದಾಗ ಸಾಲದಾಗಿತ್ತು. ಅದೇ ಅಂದಾಜು ಇನ್ನೊಬ್ಬರ ಮೂಲಕ ಬಂದಾಗ ಸಾಕಾಯಿತು. ತಮ್ಮ ಕೊನೆಯ ವರ್ಷಗಳಲ್ಲಿ ಒಂದು ಸಂದರ್ಶನದಲ್ಲಿ ಡೊರೊತಿ ಅವರೇ ಇದನ್ನು ಹೇಳಿಕೊಂಡಿದ್ದಾರೆ.

ಈ ಪ್ರಸಂಗ ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಜತೆಗೆ ಒಂದು ವಿಷಯವೂ ಸ್ಪಷ್ಟವಾಗುತ್ತದೆ. 1946ರ ಹೊತ್ತಿಗೆ ಈ ಕ್ಷೇತ್ರದಲ್ಲಿ ಅವರಿಗಿಂತ ಮೇಲಿನ ತಜ್ಞರು ಆ ಊರಿನಲ್ಲಿ ಇರಲಿಲ್ಲ. 16 ವರ್ಷ ಕಾರ್ಡು ಬರೆದು, ಪಟ್ಟಿ ಓದಿ ಗಳಿಸಿದ ವಿದ್ಯೆ ಅದು.

ಕಾರ್ಡಿನಿಂದ ಇತಿಹಾಸಕ್ಕೆ

ಕೊಲಂಬಿಯಾದಲ್ಲಿ ಅವರು ಬರೆದ ಪ್ರಬಂಧದ ವಿಷಯ ಅಮೆರಿಕದ ಕಪ್ಪು ಲೇಖಕರ ಅತಿ ಹಳೆಯ ಮುದ್ರಿತ ಬರಹಗಳು. ಅವರ ಅಧ್ಯಯನ ಶುರುವಾಗುವುದು 1760ರಿಂದ. ಆ ವರ್ಷ ಬ್ರಿಟನ್ ಹ್ಯಾಮನ್ ಎಂಬಾತನ ಅನುಭವ ಕಥನ ಬಾಸ್ಟನ್ನಿನಲ್ಲಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರ್ 25ರ ದಿನಾಂಕ ಹೊತ್ತು ಜುಪಿಟರ್ ಹ್ಯಾಮನ್ ಎಂಬ ಗುಲಾಮ ಕವಿಯ ಕವಿತೆಯೂ ಒಂದೇ ಹಾಳೆಯಲ್ಲಿ ಅಚ್ಚಾಯಿತು. ಹೆಸರು ಒಂದೇ ಥರ ಇದ್ದರೂ ಇಬ್ಬರೂ ಬೇರೆ ಬೇರೆ.

ಇಂಥ ಬರಹ ಹುಡುಕುವುದು ಎಷ್ಟು ಕಷ್ಟ ಯೋಚಿಸಿ. ಲೇಖಕರು ಕಪ್ಪು ಜನಾಂಗದವರು ಅಂತ ಗೊತ್ತಾಗುವುದು ಹೇಗೆ? ಕೆಲವು ಸಲ ಮುಖಪುಟವೇ ಹೇಳುತ್ತದೆ. ಫಿಲಿಸ್ ವೀಟ್ಲಿ ಅವರ 1773ರ ಕವನ ಸಂಕಲನದಲ್ಲಿ ಅವರು ಬಾಸ್ಟನ್ನಿನ ಯಾರ ಮನೆಯ ಸೇವಕಿ ಅಂತ ಹೆಸರಿನ ಜತೆಗೇ ಅಚ್ಚು ಹಾಕಿದ್ದಾರೆ. ಎಷ್ಟೋ ಸಲ ಅಂಥ ಸುಳಿವೇ ಇರುವುದಿಲ್ಲ. ಆಗ ಚರ್ಚಿನ ದಾಖಲೆ, ಪತ್ರಿಕೆಯ ಮೂಲೆ, ಸಂಘದ ವರದಿ, ಮುನ್ನುಡಿ ಬರೆದವರ ಕಾಗದ, ಹೀಗೆ ಸುತ್ತು ಹಾಕಿ ಬರಬೇಕು. ಇದು ಇತಿಹಾಸಕಾರರ ಕೆಲಸ. ಒಂದು ಲೇಖಕ ಕಾರ್ಡು ಸರಿಯಾಗಿ ಬರೆಯಬೇಕಾದರೆ ಅವರು ಇಷ್ಟು ಮಾಡಲೇಬೇಕಿತ್ತು. 1971ರಲ್ಲಿ 1760ರಿಂದ 1837ರವರೆಗಿನ ಇಂಥ ಬರಹಗಳನ್ನು ಒಟ್ಟುಗೂಡಿಸಿ ಒಂದು ದಪ್ಪ ಸಂಪುಟವಾಗಿ ಪ್ರಕಟಿಸಿದರು. ಅದರಲ್ಲಿ ಸಂಘಗಳ ನಿಯಮಾವಳಿ, ಭಾಷಣ, ಪ್ರವಚನ, ಆತ್ಮಕಥನ ಎಲ್ಲ ಇವೆ.

ಅವರು ಬರೆದ ಲೇಖನಗಳಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಎರಡು. ಒಂದು 1936ರದು, 1828ರಿಂದ 1846ರ ನಡುವಿನ ಕಪ್ಪು ಜನರ ಸಾಹಿತ್ಯ ಸಂಘಗಳ ಬಗ್ಗೆ. ಗುಲಾಮಗಿರಿ ಇನ್ನೂ ಜಾರಿಯಲ್ಲಿದ್ದ ಕಾಲ. ಫಿಲಡೆಲ್ಫಿಯಾ, ನ್ಯೂಯಾರ್ಕ್‌ನಂಥ ಊರುಗಳಲ್ಲಿ ಸ್ವತಂತ್ರ ಕಪ್ಪು ಜನ ಚಂದಾ ಎತ್ತಿ ಓದುವ ಕೋಣೆ, ಗ್ರಂಥಾಲಯ ನಡೆಸುತ್ತಿದ್ದರು. ಹೆಂಗಸರದೇ ಬೇರೆ ಸಂಘಗಳಿದ್ದವು. ಇನ್ನೊಂದು 1943ರದು, ಡೇವಿಡ್ ರಗಲ್ಸ್ ಬಗ್ಗೆ. ರಗಲ್ಸ್ 1834ರಲ್ಲಿ ನ್ಯೂಯಾರ್ಕಿನಲ್ಲಿ ಪುಸ್ತಕದಂಗಡಿ ತೆರೆದರು. ಅದಕ್ಕೆ ಪುಂಡರು ಬೆಂಕಿ ಇಟ್ಟರು. ಆಮೇಲೂ ಬಿಡದೆ ಓದುವ ಕೋಣೆ ನಡೆಸಿದರು, ಯಾಕೆಂದರೆ ಊರಿನ ಬೇರೆ ಓದುವ ಕೋಣೆಗಳಲ್ಲಿ ಕಪ್ಪು ಜನರಿಗೆ ಜಾಗ ಇರಲಿಲ್ಲ. ತಪ್ಪಿಸಿಕೊಂಡು ಬಂದ ಗುಲಾಮರಿಗೆ ಅವರ ಮನೆಯೇ ಆಸರೆ. ಮುಂದೆ ಗುಲಾಮಗಿರಿ ವಿರುದ್ಧದ ಹೋರಾಟದ ದೊಡ್ಡ ನಾಯಕರಾದ ಫ್ರೆಡರಿಕ್ ಡಗ್ಲಸ್ 1838ರಲ್ಲಿ ಬಂದು ಉಳಿದದ್ದೂ ಅಲ್ಲೇ.

ತಮಗಿಂತ ನೂರು ವರ್ಷ ಮುಂಚೆ ತಮ್ಮದೇ ಕೆಲಸ ಮಾಡಿದವರನ್ನು ಡೊರೊತಿ ಹುಡುಕಿ ದಾಖಲಿಸಿದರು. ಕಪ್ಪು ಜನರಿಗೆ ಓದು ಯಾರೋ ದಾನವಾಗಿ ಕೊಟ್ಟದ್ದಲ್ಲ, ಅವರೇ ಕಟ್ಟಿಕೊಂಡದ್ದು ಅನ್ನುವುದಕ್ಕೆ ಈ ಲೇಖನಗಳು ಪುರಾವೆ.

ಓದುಗರ ಕಡೆಯಿಂದ ನೋಡಿದರೆ

1939ರಲ್ಲಿ ಹೊವಾರ್ಡ್‌ನ ಹೊಸ ಕಟ್ಟಡ ಫೌಂಡರ್ಸ್ ಲೈಬ್ರರಿ ತೆರೆಯಿತು. ಮೇಲೆ ಗಡಿಯಾರದ ಗೋಪುರ ಇರುವ ಕಟ್ಟಡ. ಜಾನ್ ಹೋಪ್ ಫ್ರಾಂಕ್ಲಿನ್, ಫ್ರಾಂಕ್ಲಿನ್ ಫ್ರೇಜಿಯರ್, ರೇಫರ್ಡ್ ಲೋಗನ್, ಮುಂದೆ ಟ್ರಿನಿಡಾಡ್‌ನ ಪ್ರಧಾನಿಯಾದ ಎರಿಕ್ ವಿಲಿಯಮ್ಸ್, ಇವರೆಲ್ಲ ಹೊವಾರ್ಡ್‌ನಲ್ಲಿ ಪಾಠ ಮಾಡಿದವರು. ಇಂಥವರು ಇತಿಹಾಸ ಬರೆಯುವಾಗ ಆಧಾರ ಬೇಕಲ್ಲ, ಆ ಆಧಾರ ಜೋಡಿಸಿಟ್ಟವರು ಡೊರೊತಿ. ಆ ಕಾಲದ ಎಷ್ಟೋ ಪುಸ್ತಕಗಳ ಕೃತಜ್ಞತೆಯ ಪುಟದಲ್ಲಿ ಅವರ ಹೆಸರು ಕಾಣುತ್ತದೆ.

ಆದರೆ ಅವರ ಗ್ರಂಥಸೂಚಿಗಳು ಪ್ರೊಫೆಸರುಗಳಿಗಷ್ಟೇ ಅಲ್ಲ. ಊರಿನ ಶಾಲೆಯ ಟೀಚರಿಗೆ, ಚಿಕ್ಕ ಗ್ರಂಥಾಲಯದವರಿಗೆ ಯಾವ ಪುಸ್ತಕ ತರಿಸಬೇಕು ಅಂತ ತಿಳಿಯಬೇಕಾದರೆ ಒಂದು ನಂಬಬಹುದಾದ ಪಟ್ಟಿ ಬೇಕು. 1960ರ ದಶಕದ ಕೊನೆಗೆ ಇದರ ಬೇಡಿಕೆ ಒಮ್ಮೆಲೇ ಏರಿತು. ಕಪ್ಪು ಜನರ ಇತಿಹಾಸ ಪಾಠವಾಗಬೇಕು ಅಂತ ವಿದ್ಯಾರ್ಥಿಗಳು ಕಾಲೇಜುಗಳಲ್ಲಿ ಮುಷ್ಕರ ಮಾಡಿದರು. ಹೊಸ ವಿಭಾಗಗಳು ತೆರೆದವು. ಪಾಠ ಶುರು ಮಾಡಲು ಪುಸ್ತಕ ಎಲ್ಲಿ? ಡೊರೊತಿ 1969ರಲ್ಲಿ ಒಂದು ಗ್ರಂಥಸೂಚಿ, 1970ರಲ್ಲಿ ಇನ್ನೊಂದು ಕೊಟ್ಟರು. ಆ ಎರಡನೆಯದನ್ನು ಪ್ರಕಟಿಸಿದ್ದು ಲೈಬ್ರರಿ ಆಫ್ ಕಾಂಗ್ರೆಸ್. ಈ ಸಲ ಅವರ ಹೆಸರಿನಲ್ಲೇ.

1962ರಿಂದ 1964ರವರೆಗೆ ನೈಜೀರಿಯಾದ ಲಾಗೋಸ್‌ನಲ್ಲಿ ರಾಷ್ಟ್ರೀಯ ಗ್ರಂಥಾಲಯ ಕಟ್ಟಲು ಫೋರ್ಡ್ ಫೌಂಡೇಶನ್ ಕಡೆಯಿಂದ ಸಲಹೆಗಾರರಾಗಿಯೂ ಕೆಲಸ ಮಾಡಿದರು. ನೈಜೀರಿಯಾಕ್ಕೆ ಸ್ವಾತಂತ್ರ್ಯ ಬಂದು ಆಗ ಎರಡೇ ವರ್ಷವಾಗಿತ್ತು.

ಲೆಕ್ಕ ಮತ್ತು ಕೊರತೆ

1973ರಲ್ಲಿ ಅವರು ನಿವೃತ್ತರಾದಾಗ 3,000ದಿಂದ ಶುರುವಾದ ಸಂಗ್ರಹ 1,80,000 ದಾಟಿತ್ತು. ಪುಸ್ತಕ, ಕರಪತ್ರ, ಹಸ್ತಪ್ರತಿ, ಪತ್ರಗಳು, ಸಂಗೀತದ ಹಾಳೆಗಳು, ಚಿತ್ರಗಳು. ಅದೇ ವರ್ಷ ಅದಕ್ಕೆ ಮೂರ್‌ಲ್ಯಾಂಡ್-ಸ್ಪಿಂಗಾರ್ನ್ ಸಂಶೋಧನಾ ಕೇಂದ್ರ ಅಂತ ಹೆಸರಾಯಿತು. ಪುಸ್ತಕ ಕೊಟ್ಟ ಇಬ್ಬರ ಹೆಸರು ಬಾಗಿಲ ಮೇಲೆ ಬಂತು. 43 ವರ್ಷ ಅದನ್ನು ಕಟ್ಟಿದವರ ಹೆಸರು ಬರಲಿಲ್ಲ. ಗ್ರಂಥಾಲಯ ಲೋಕದಲ್ಲಿ ಇದು ರೂಢಿ. ರೂಢಿ ಅಂದಮಾತ್ರಕ್ಕೆ ಸರಿ ಅಂತಲ್ಲ.

ಅವರ ದಾರಿಯಲ್ಲೂ ತೊಂದರೆ ಇತ್ತು. ಒಂದು ಗ್ರಂಥಾಲಯ ತನ್ನದೇ ಜೋಡಣೆ ಮಾಡಿಕೊಂಡರೆ ಅದು ಅಲ್ಲಿನ ಓದುಗರಿಗೆ ಅನುಕೂಲ. ಬೇರೆ ಊರಿನ ಗ್ರಂಥಾಲಯ ಅದನ್ನು ಹಾಗೇ ಎತ್ತಿಕೊಳ್ಳಲು ಆಗುವುದಿಲ್ಲ. ಹೊವಾರ್ಡ್‌ನಲ್ಲಿ ಕವಿ ಕವಿಯಾದರು ನಿಜ, ಆದರೆ ಉಳಿದ ಕಡೆ ಡ್ಯೂಯಿ ಬದಲಾಗಲು ದಶಕಗಳೇ ಹಿಡಿದವು. 326 ಇವತ್ತಿಗೂ ಗುಲಾಮಗಿರಿಯ ನಂಬರೇ, ಆದರೆ ಈಗ ಅಲ್ಲಿ ಗುಲಾಮಗಿರಿಯ ಬಗ್ಗೆ ಬರೆದ ಪುಸ್ತಕಗಳು ಮಾತ್ರ ಇರುತ್ತವೆ. ಇನ್ನೊಂದು, ಇಷ್ಟು ದೊಡ್ಡ ಸಂಗ್ರಹದ ತಿಳಿವಳಿಕೆ ಒಬ್ಬರ ತಲೆಯಲ್ಲಿ ಹೆಚ್ಚಾಗಿ ಕೂಡಿಕೊಂಡರೆ ಮುಂದೆ ಬಂದವರಿಗೆ ಕಷ್ಟ. ಡೊರೊತಿ ಇದಕ್ಕೆ ಕಂಡುಕೊಂಡ ಉಪಾಯ ಅಚ್ಚು ಹಾಕಿಸುವುದು. ಪಟ್ಟಿಯ ಮೇಲೆ ಪಟ್ಟಿ. ತಮ್ಮ ಸಂಗ್ರಹದಲ್ಲಿ ಏನಿದೆ ಅಂತ ಹೊರಗಿನವರಿಗೆ ತಿಳಿಸುತ್ತಲೇ ಇದ್ದರು. 1958ರಲ್ಲಿ ಹೊವಾರ್ಡ್‌ನ ಆಫ್ರಿಕಾ ಸಂಗ್ರಹದ ಸೂಚಿಯನ್ನು ವಿದ್ಯಾರ್ಥಿಗಳನ್ನು ಜತೆಗೆ ಕೂರಿಸಿಕೊಂಡು ಮಾಡಿದರು. ಮುಂದಿನವರನ್ನು ತಯಾರು ಮಾಡಲು ಇದಕ್ಕಿಂತ ಒಳ್ಳೆ ವಿಧಾನ ನನಗೆ ಕಾಣುವುದಿಲ್ಲ.

ನಿವೃತ್ತಿಯ ಮೇಲೂ ಬರೆಯುವುದು ನಿಲ್ಲಲಿಲ್ಲ. 1994ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನವಿಕ ನಿಧಿಯ ಚಾರ್ಲ್ಸ್ ಫ್ರಾಂಕೆಲ್ ಪ್ರಶಸ್ತಿ ಬಂತು. 1995ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಬಾಸ್ಟನ್ನಿನ ಕಪ್ಪು ಇತಿಹಾಸಕಾರ ವಿಲಿಯಂ ಕೂಪರ್ ನೆಲ್ ಅವರ ಬರಹಗಳನ್ನು ಕಲೆಹಾಕುವ ಕೆಲಸ ಆಗ ಅವರ ಕೈಯಲ್ಲಿತ್ತು. ಮಗಳು ಕಾನ್‌ಸ್ಟನ್ಸ್ ಪೋರ್ಟರ್ ಉಜೆಲಾಕ್ ಅದನ್ನು ಮುಗಿಸಿ 2002ರಲ್ಲಿ ಪ್ರಕಟಿಸಿದರು.